ರೊಬೊಟ್ ಕ್ಯಾಂಪಿಗೆ ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ

ಪುಣೆಯಲ್ಲಿರುವ ನಮ್ಮ ಕನ್ನಡದ ಅಪ್ಪ-ಅಮ್ಮಂದಿರಿಗೆ ಈ ಮಾತು. ಏಪ್ರಿಲ್ ಕಳೆಯುತ್ತಿದ್ದಂತೆ ಇಲ್ಲಿ ರಜೆ, ಶಾಲೆ ಮತ್ತೆ ಶುರುವಾಗುವುದು ಜೂನ್ ನಡುವೆ. ಊರಿಗೆ ಹೋಗೋಣವೆಂದರೆ ಹುಬ್ಬಳ್ಳಿ ಕಡೆಯ ರೈಲಿಗೆ ಟಿಕೆಟ್ ಸಿಗುವುದಿಲ್ಲ. ಸರಿಯಾಗಿ ಆಗಲೇ ಸೊಸೈಟಿ ಗೇಟಿನಲ್ಲಿ ಬ್ಯಾನರ್ ಬೀಳುತ್ತದೆ: ನಿಮ್ಮ ಮಗು ತನ್ನ ಕೈಯಾರೆ ರೊಬೊಟ್ ಮಾಡುತ್ತದೆ! ಅಂಥದೊಂದು ಕ್ಯಾಂಪಿಗೆ ನಮ್ಮ ಒಂಬತ್ತು ವರ್ಷದ ಮಗಳನ್ನು ಸೇರಿಸಿದ್ದೆವು. ಫೀಸು 7,500 ರೂಪಾಯಿ, ಪೂರ್ತಿ ಮುಂಗಡ.

ಮೊದಲ ದಿನ ಮನೆಗೆ ಬಂದವಳೇ, "ಪಪ್ಪಾ, ಎಲ್ಲಾ ಆ ಅಣ್ಣನೇ ಜೋಡಿಸ್ತಾನೆ. ನಾವು ಸುಮ್ನೆ ನೋಡ್ತೀವಿ" ಅಂದಳು. ಒಂದು ಮೇಜಿಗೆ ಐದಾರು ಮಕ್ಕಳು, ಎಲ್ಲರಿಗೂ ಸೇರಿ ಒಂದೇ ಕಿಟ್. ಕಲಿಸುವವನು ಕಾಲೇಜು ಹುಡುಗ. ಪಾಪ, ಅವನಿಗೂ ಯಾರೂ ಸರಿಯಾಗಿ ಹೇಳಿಕೊಟ್ಟಂತಿರಲಿಲ್ಲ. ಮಕ್ಕಳ ಪಾಲಿಗೆ ಸ್ಕ್ರೂ ತಿರುಗಿಸುವುದು, ಸ್ಟಿಕ್ಕರ್ ಅಂಟಿಸುವುದು. ಉಳಿದ ಹೊತ್ತು ಗೋಡೆಯ ಮೇಲೆ ರಾಕೆಟ್ ವಿಡಿಯೋ.

ಇಷ್ಟೇ ಆಗಿದ್ದರೆ ದುಡ್ಡು ದಂಡ ಅಂದುಕೊಂಡು ಬಿಡುತ್ತಿದ್ದೆ. ಒಂದು ದಿನ ಕರೆದುಕೊಂಡು ಬರಲು ಸ್ವಲ್ಪ ಬೇಗ ಹೋದೆ. ಕಿಟಕಿ ಮುಚ್ಚಿದ ಎಸಿ ರೂಮಿನಲ್ಲಿ ಬೆಸುಗೆ ನಡೆದಿತ್ತು. ಸೋಲ್ಡರಿಂಗ್ ಐರನ್ ತುದಿ 300 ಡಿಗ್ರಿ ದಾಟುವಷ್ಟು ಕಾಯುತ್ತದೆ. ಅದನ್ನು ಸ್ಟ್ಯಾಂಡ್ ಇಲ್ಲದೆ ಒಂದು ಟೈಲ್ಸ್ ಚೂರಿನ ಮೇಲೆ ಒರಗಿಸಿಟ್ಟಿದ್ದರು, ವೈರು ಮಕ್ಕಳ ಕಾಲಡಿಯಲ್ಲಿ ಹಾದುಹೋಗಿತ್ತು. ಯಾರ ಕಣ್ಣಿಗೂ ಕನ್ನಡಕವಿಲ್ಲ. ಅಂಗಡಿಯಲ್ಲಿ 60-40 ಅಂತ ಕೊಡುವ ಬೆಸುಗೆ ತಂತಿಯಲ್ಲಿ 60 ಪಾಲು ತವರ, 40 ಪಾಲು ಸೀಸ. ಸೀಸ ಮಕ್ಕಳ ಮಿದುಳಿಗೆ ವಿಷ. ಆ ತಂತಿಯನ್ನು ಕೈಯಲ್ಲಿ ಹಿಡಿದು ಆಡಿದ ಹುಡುಗರು ಕೈ ತೊಳೆಯದೆ ಡಬ್ಬಿ ತೆಗೆದು ಚಪಾತಿ ತಿನ್ನುತ್ತಿದ್ದರು. ಕೇಳಿದರೆ, "ಸರ್, ಇದು ಪ್ರಾಕ್ಟಿಕಲ್" ಎಂಬ ಉತ್ತರ.

ಕೊನೆಯ ದಿನ ಪ್ರದರ್ಶನ. ಎದುರಿಗೆ ಏನಾದರೂ ಬಂದರೆ ತಾನೇ ನಿಲ್ಲುವ ಕಾರು, ಪ್ರೋಗ್ರಾಂ ಬರೆದದ್ದು ಮಕ್ಕಳೇ ಅಂತ ಮೈಕಿನಲ್ಲಿ ಹೇಳಿದರು. ಕಾರು ಗೋಡೆಯ ಹತ್ತಿರ ಹೋಗಿ ನಿಂತಿತು. ಚಪ್ಪಾಳೆಯೋ ಚಪ್ಪಾಳೆ. ನಾನು ಬಗ್ಗಿ ನೋಡಿದೆ. ಇಂಥ ಕಾರಿನ ಮುಂದೆ ಎರಡು ಕಣ್ಣಿನಂತೆ ಕಾಣುವ ಅಲ್ಟ್ರಾಸೋನಿಕ್ ಸೆನ್ಸರ್ ಇರುತ್ತದೆ. ಕಿವಿಗೆ ಕೇಳದ ಶಬ್ದ ಬಿಟ್ಟು, ಅದು ವಾಪಸ್ ಬರಲು ಹಿಡಿದ ಸಮಯದಿಂದ ದೂರ ಅಳೆಯುತ್ತದೆ. ಅದಕ್ಕೆ ನಾಲ್ಕು ಪಿನ್. ಈ ಕಾರಿನಲ್ಲಿ ನಾಲ್ಕಕ್ಕೂ ವೈರೇ ಇಲ್ಲ! ಪಕ್ಕದಲ್ಲಿ ಆ ಕಲಿಸುವ ಹುಡುಗ ಮೊಬೈಲಿನ ಬಾಣದ ಗುರುತು ಒತ್ತುತ್ತಾ ಬ್ಲೂಟೂತಿನಲ್ಲಿ ಕಾರು ಓಡಿಸುತ್ತಿದ್ದ. ಮಕ್ಕಳಿಗೆ ಇದು ಗೊತ್ತಿತ್ತು. ಹೇಳಬೇಡಿ ಅಂದಿದ್ದರಂತೆ. ನನಗೆ ಹೆಚ್ಚು ಸಿಟ್ಟು ಬಂದದ್ದು ಇದಕ್ಕೇ. ವಿಜ್ಞಾನದ ಹೆಸರಲ್ಲಿ ಮಕ್ಕಳಿಗೆ ಸುಳ್ಳಾಡಲು ಕಲಿಸುವುದಾ?

ಕಾರು ಮನೆಗೆ ಕೊಡುತ್ತೀರಾ ಅಂದರೆ, ಕಿಟ್ ಬೇಕಾದರೆ ಇನ್ನೂ 3,000 ಕೊಡಿ ಅಂದರು. ಸರ್ಟಿಫಿಕೇಟ್ ಮಾತ್ರ ಪುಕ್ಕಟೆ.

ನೀವು ಸೇರಿಸುವುದಾದರೆ, ಮೊದಲು ನಡೆಯುತ್ತಿರುವ ಕ್ಲಾಸಿನಲ್ಲಿ ಹತ್ತು ನಿಮಿಷ ಕೂರಲು ಕೇಳಿ. ಬಿಡದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಎಷ್ಟು ಮಕ್ಕಳಿಗೆ ಒಂದು ಕಿಟ್, ಮಗು ನಡುವೆ ಬಿಟ್ಟರೆ ದುಡ್ಡು ವಾಪಸ್ ಉಂಟಾ ಅನ್ನುವುದನ್ನು ಬರೆಸಿಕೊಳ್ಳಿ. ನನ್ನ ಕೇಳಿದರೆ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಬುಧವಾರ ಪೇಟೆಯ ತಾಪಕೀರ್ ಗಲ್ಲಿಗೆ ಮಗುವನ್ನು ಕರೆದುಕೊಂಡು ಹೋಗಿ, ಬಿಡಿ ಸಾಮಾನು ತಂದು ಮನೆಯಲ್ಲೇ ಮಾಡಿಸುವುದು ವಾಸಿ. 9 ವೋಲ್ಟ್ ಬ್ಯಾಟರಿಗೆ ಎಲ್‌ಇಡಿ ನೇರ ಕಟ್ಟಿದರೆ ಸುಟ್ಟುಹೋಗುತ್ತದೆ, ನಡುವೆ ಕರೆಂಟಿನ ಹರಿವು ತಗ್ಗಿಸುವ 470 ಓಮ್ ರೆಸಿಸ್ಟರ್ ಹಾಕಿದರೆ ಉಳಿಯುತ್ತದೆ. ಒಂದನ್ನು ಸುಟ್ಟು ನೋಡಲಿ ಬಿಡಿ, ಏನು ಮಹಾ ಖರ್ಚು! ಪುಣೆಯ ಖಗೋಳ ಸಂಶೋಧನಾ ಸಂಸ್ಥೆ ಅಯೂಕಾದ ಮಕ್ಕಳ ವಿಜ್ಞಾನ ಕೇಂದ್ರ ಮುಕ್ತಾಂಗಣದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬಿನಿಂದ ಮಾಡಿದ ಆಟಿಕೆಗಳ ವಿಡಿಯೋಗಳೂ ನೆಟ್ಟಿನಲ್ಲಿ ಪುಕ್ಕಟೆ ಇವೆ.

ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅರ್ಧ ದುಡ್ಡು ಕೊಡುತ್ತೇವೆ ಅಂತ ಈಗ ಅವರ ಮೆಸೇಜ್ ಬರುತ್ತಿದೆ. ನಾನು ಒಪ್ಪಿಲ್ಲ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವೇ ಇಲ್ಲ. ನಿಮಗೂ ಹೀಗೆ ಆಗಿದ್ದರೆ ರಸೀದಿ, ಬ್ಯಾನರಿನ ಫೋಟೊ ಎರಡನ್ನೂ ತೆಗೆದಿಟ್ಟುಕೊಂಡು ನನಗೆ ತಿಳಿಸಿ, ಒಟ್ಟಿಗೇ ಹೋಗೋಣ.