ವಾರ್ಡ್ ಕೊಡದೆ ‘ಸ್ವಇಚ್ಛೆಯಿಂದ ಹೊರಟೆವು’ ಎಂದು ಬರೆಸಿಕೊಳ್ಳುತ್ತಾರೆ, ಹುಷಾರು

ಶಿವಮೊಗ್ಗ, ಸಾಗರ, ಸೊರಬ, ಹೊಸನಗರ ಕಡೆಯ ಟ್ರಾನ್ಸ್‌ಜೆಂಡರ್ ಸ್ನೇಹಿತರು, ಅವರ ಜೊತೆ ಆಸ್ಪತ್ರೆಗೆ ಓಡಾಡುವ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಡ್ಮಿಟ್ ಆದಮೇಲೆ ಯಾವ ವಾರ್ಡ್ ಎನ್ನುವ ತಕರಾರು ಎದ್ದು, ಕೊನೆಗೆ ಒಂದು ಹಾಳೆ ಮುಂದಿಟ್ಟು ‘ಸಹಿ ಮಾಡಿ’ ಅಂದರೆ, ಓದದೆ ಸಹಿ ಹಾಕಬೇಡಿ. ಆ ಹಾಳೆಯಿಂದ ಆಮೇಲೆ ಏನಾಗುತ್ತದೆ ಎನ್ನುವುದನ್ನು ನಮ್ಮಕ್ಕನ ವಿಷಯದಲ್ಲಿ ಕಣ್ಣಾರೆ ನೋಡಿದ್ದೇನೆ. ದೂರು ವಿಚಾರಣೆಯಲ್ಲಿರುವುದರಿಂದ ಆಸ್ಪತ್ರೆಯ ಹೆಸರು ಹಾಕುತ್ತಿಲ್ಲ.

ನಮ್ಮದು ಸೊರಬ ತಾಲ್ಲೂಕು. ಅಕ್ಕ ಟ್ರಾನ್ಸ್ ಮಹಿಳೆ. ಊರಲ್ಲಿ ಎಲ್ಲರಿಗೂ ಗೊತ್ತು, ಯಾರೂ ಈಗ ಅದನ್ನು ದೊಡ್ಡದು ಮಾಡುವುದಿಲ್ಲ. ಹೋದ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ರಕ್ತ ಪರೀಕ್ಷೆಯಲ್ಲಿ ಡೆಂಗಿ ಅಂತ ಬಂತು, ಪ್ಲೇಟ್‌ಲೆಟ್ ಇಳಿಯುತ್ತಿದೆ, ತಡಮಾಡದೆ ಶಿವಮೊಗ್ಗಕ್ಕೆ ಹೋಗಿ ಅಂದರು. ಅಷ್ಟರಲ್ಲಿ ಜ್ವರ ಬಿಟ್ಟಿತ್ತು. ಜ್ವರ ಬಿಟ್ಟಿತಲ್ಲ ಎಂದು ಸಮಾಧಾನಪಡುವ ಕಾಯಿಲೆ ಅಲ್ಲ ಇದು. ಡೆಂಗಿಯಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಅಪಾಯದ್ದು. ರಕ್ತನಾಳಗಳಿಂದ ನೀರಿನಂಶ ಸೋರಿ ಬಿಪಿ ಕುಸಿಯುವುದು ಆಗಲೇ. ಅದಕ್ಕೇ ಅವಸರದಲ್ಲಿ ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು.

ಅಕ್ಕನ ಆಧಾರ್ ಇನ್ನೂ ಹಳೇ ಹೆಸರಿನಲ್ಲಿದೆ. ಅದರ ಜೊತೆಗೆ ಜಿಲ್ಲಾಧಿಕಾರಿ ಕೊಟ್ಟ ಟ್ರಾನ್ಸ್‌ಜೆಂಡರ್ ಗುರುತಿನ ಪ್ರಮಾಣಪತ್ರವನ್ನೂ ಕೌಂಟರಿನಲ್ಲಿ ಕೊಟ್ಟೆ. ಅಲ್ಲಿದ್ದ ಹುಡುಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದೆಲ್ಲ ಬೇಡ ಮೇಡಂ, ಆಧಾರ್‌ನಲ್ಲಿ ಇದ್ದಂಗೆ ಹಾಕ್ತೀವಿ’ ಅಂದ. ಹಾಗೆ ಹಾಕಿದ್ದಕ್ಕೆ ನೈಟಿ ಉಟ್ಟು, ಜಡೆ ಹಾಕಿಕೊಂಡಿದ್ದ ನಮ್ಮಕ್ಕನನ್ನು ಗಂಡಸರ ವಾರ್ಡಿಗೆ ಕರೆದುಕೊಂಡು ಹೋದರು. ಕತ್ತಲಾಗುತ್ತಿದ್ದ ಹಾಗೆ ಸೆಕ್ಯುರಿಟಿಯವರು ಬಂದು, ಗಂಡಸರ ವಾರ್ಡಿನಲ್ಲಿ ರಾತ್ರಿ ಹೆಂಗಸರು ಉಳಿಯುವ ಹಾಗಿಲ್ಲ ಎಂದು ನನ್ನನ್ನು ಎಬ್ಬಿಸಿದರು. ನನ್ನನ್ನು ಹೊರಗೆ ಕಳಿಸಲು ಇರುವ ಕಾರಣವೇ ಅಕ್ಕನನ್ನು ಅಲ್ಲಿ ಮಲಗಿಸದೇ ಇರುವುದಕ್ಕೂ ಇತ್ತಲ್ಲ. ಅವರಿಗೆ ಅದು ಹೊಳೆಯಲೇ ಇಲ್ಲ.

ಜಗಳ ಮಾಡಿದ ಮೇಲೆ ಹೆಂಗಸರ ವಾರ್ಡಿಗೆ ತಂದರು. ಅಲ್ಲಿ ಪಕ್ಕದ ಬೆಡ್ಡಿನ ಕಡೆಯವರು ಇಬ್ಬರು ಆಕ್ಷೇಪ ಎತ್ತಿದರು. ತೀರ್ಥಹಳ್ಳಿ ಕಡೆಯ ಒಬ್ಬರು ಅಜ್ಜಿ ಮಾತ್ರ, ‘ಇರ್ಲಿ ಬಿಡ್ರಿ, ಅವಳ ಪಾಡಿಗೆ ಅವಳು ಮಲಗಿದಾಳೆ’ ಅಂದರು. ಆಕ್ಷೇಪ ಎತ್ತಿದವರ ಹತ್ತಿರ ಸಿಬ್ಬಂದಿ ಒಂದು ಮಾತಾಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅದರ ಬದಲು ಅಕ್ಕನ ಮಂಚವನ್ನೇ ತಳ್ಳಿಕೊಂಡು ಹೋಗಿ ಲಿಫ್ಟಿನ ಪಕ್ಕ, ಹೋಗುವವರು ಬರುವವರೆಲ್ಲ ನೋಡುವ ಕಾರಿಡಾರಿನಲ್ಲಿ ನಿಲ್ಲಿಸಿದರು.

ಇಲ್ಲಿಂದ ಮುಂದೆ ನಡೆದದ್ದನ್ನು ದಯವಿಟ್ಟು ಡಾಕ್ಟರುಗಳೂ ನರ್ಸುಗಳೂ ಓದಬೇಕು. ಡೆಂಗಿಗೆ ಪ್ರತ್ಯೇಕ ಔಷಧಿ ಇಲ್ಲ. ದೇಹಕ್ಕೆ ನೀರು ಸರಿಯಾಗಿ ಹೋಗುವಂತೆ ನೋಡಿಕೊಳ್ಳುವುದೇ ಮುಖ್ಯ ಚಿಕಿತ್ಸೆ. ಓಆರ್‌ಎಸ್, ಎಳನೀರು ಕುಡಿಸುತ್ತಿರಿ, ಮೂತ್ರ ಎಷ್ಟು ಹೋಗುತ್ತೆ ಅಳೆದು ಬರೆಯಿರಿ ಎಂದು ಹೇಳಿದ್ದರು. ಮಂಚದ ತುದಿಗೆ ಅದರ ಚಾರ್ಟ್ ಕಟ್ಟಿತ್ತು. ಆದರೆ ಅಕ್ಕ ಹೋಗುವುದು ಎಲ್ಲಿಗೆ? ಗಂಡಸರ ಟಾಯ್ಲೆಟ್ಟಿನ ಬಾಗಿಲಲ್ಲಿ ಗಂಡಸರು ನಿಂತು ನೋಡುತ್ತಿದ್ದರು. ಹೆಂಗಸರದ್ದಕ್ಕೆ ಹೋದರೆ ಆಯಾ ಬೈದು ಕಳಿಸಿದಳು. ಆಮೇಲೆ ನಾನು ಲೋಟ ಹಿಡಿದಾಗಲೆಲ್ಲ ಅಕ್ಕ ಮುಖ ತಿರುಗಿಸತೊಡಗಿದಳು. ‘ಬೇಡ ಮಾರಾಯ್ತಿ, ಕುಡಿದ್ರೆ ಹೋಗ್ಬೇಕಾಗುತ್ತೆ’ ಅಂದಳು. ತುಟಿ ಒಣಗಿ ಸಿಪ್ಪೆ ಏಳುತ್ತಿತ್ತು. ಚಾರ್ಟಿನಲ್ಲಿ ಕುಡಿದದ್ದು ಬರೆಯುವ ಸಾಲೂ ಖಾಲಿ, ಹೋದದ್ದು ಬರೆಯುವ ಸಾಲೂ ಖಾಲಿ. ರೌಂಡ್ಸಿಗೆ ಬಂದ ಡಾಕ್ಟರು ಮೂತ್ರ ಕಡಿಮೆ ಆಗಿದೆ ಎಂದು ಗಾಬರಿಯಾಗಿ ಡ್ರಿಪ್ ಜಾಸ್ತಿ ಮಾಡಿಸಿದರು. ನಾನು ಕಾರಣ ಹೇಳಿದೆ. ‘ಬೆಡ್ಡಿನ ವಿಷಯ ನಾವು ನೋಡಲ್ಲಮ್ಮ, ಆಫೀಸಿನಲ್ಲಿ ಕೇಳಿ’ ಅಂದರು. ಟಾಯ್ಲೆಟ್ ಇಲ್ಲದೆ ಡೆಂಗಿ ರೋಗಿ ನೀರು ಬಿಟ್ಟರೆ ಅದನ್ನು ಡಾಕ್ಟರು ನೋಡದೆ ಇನ್ಯಾರು ನೋಡಬೇಕು?

ಆಫೀಸಿನಲ್ಲಿ ಸಿಕ್ಕ ಪರಿಹಾರ ಸ್ಪೆಷಲ್ ರೂಮು. ‘ನಿಮಗೂ ಅದೇ ಅನುಕೂಲ’ ಅಂದರು. ಅದರ ಬಾಡಿಗೆ, ಅಡ್ವಾನ್ಸು ಕೇಳಿ ನಮ್ಮ ಕೈಲಾಗುವುದಿಲ್ಲ ಎಂದೆ. ಜನರಲ್ ವಾರ್ಡಿನಲ್ಲಿ ಒಂದು ಬೆಡ್ ಕೊಡುವುದು ಅವರ ಕೆಲಸ. ಅದನ್ನು ಮಾಡದೆ, ಅದರ ಖರ್ಚನ್ನು ರೋಗಿಯ ತಲೆಗೆ ಕಟ್ಟುವುದಕ್ಕೆ ಯಾರೂ ಒಪ್ಪಬೇಡಿ.

ನಾನು ಕೆಳಗೆ ಫಾರ್ಮಸಿಗೆ ಹೋಗಿದ್ದಾಗ ಆ ಹಾಳೆಗೆ ಸಹಿ ಹಾಕಿಸಿಕೊಂಡರು. ಬೇರೆ ಆಸ್ಪತ್ರೆಗೆ ಕಳಿಸುವ ಫಾರ್ಮ್ ಎಂದು ಅಕ್ಕನಿಗೆ ಹೇಳಿದ್ದರಂತೆ. ಮೇಲೆ ಬಂದು ಓದಿದರೆ, ವೈದ್ಯರ ಸಲಹೆಗೆ ವಿರುದ್ಧವಾಗಿ ಸ್ವಇಚ್ಛೆಯಿಂದ ಹೋಗುತ್ತಿದ್ದೇವೆ, ಮುಂದಿನ ಆಗುಹೋಗುಗಳಿಗೆ ನಾವೇ ಹೊಣೆ ಎಂದಿದೆ. ಡ್ರಿಪ್ಪಿನ ಸೂಜಿ ಅವಳ ಬಲಗೈಯಲ್ಲಿತ್ತು. ಎಡಗೈಯಲ್ಲಿ ಹಾಕಿದ ಸಹಿ ಗೆರೆ ದಾಟಿ ಕೆಳಗಿಳಿದಿತ್ತು. ಸಹಿಯ ಕೆಳಗೆ ‘ವಾರ್ಡ್ ಕೊಡದ ಕಾರಣಕ್ಕೆ ಹೋಗುತ್ತಿದ್ದೇವೆ’ ಎಂದು ಬರೆಯಲು ಹೋದೆ, ಕೈಯಿಂದ ಕಿತ್ತುಕೊಂಡರು. ಅಷ್ಟರಲ್ಲಿ ಮೊಬೈಲಿನಲ್ಲಿ ಫೋಟೋ ತೆಗೆದಿದ್ದೆ, ಅದೊಂದು ಉಳಿಯಿತು.

ಅಲ್ಲಿಂದ ಇನ್ನೊಂದು ಆಸ್ಪತ್ರೆಗೆ ಹೋದೆವು. ಅಲ್ಲಿನ ಡ್ಯೂಟಿ ಸಿಸ್ಟರ್ ಅಕ್ಕನನ್ನೇ ಕೇಳಿದರು: ‘ನಿಮ್ಮನ್ನ ಏನಂತ ಕರೀಬೇಕು? ಯಾವ ವಾರ್ಡಲ್ಲಿ ಇರ್ತೀರಿ?’ ಹೆಂಗಸರ ವಾರ್ಡಿನ ಗೋಡೆ ಪಕ್ಕದ ಕೊನೇ ಬೆಡ್ಡು, ಸುತ್ತ ಒಂದು ಸ್ಕ್ರೀನು, ಸಿಬ್ಬಂದಿ ಟಾಯ್ಲೆಟ್ಟಿನ ಬೀಗದ ಕೈ. ಹೊಸ ಕಟ್ಟಡವೂ ಬೇಕಾಗಲಿಲ್ಲ, ಜಾಸ್ತಿ ದುಡ್ಡೂ ಬೇಕಾಗಲಿಲ್ಲ. ಅವತ್ತು ರಾತ್ರಿ ಅಕ್ಕ ಎರಡು ಎಳನೀರು ಕುಡಿದಳು. ಪ್ಲೇಟ್‌ಲೆಟ್ ತಾನಾಗಿ ಏರಿತು, ಹುಷಾರಾಗಿ ಮನೆಗೆ ಬಂದಳು.

ಮೊದಲ ಆಸ್ಪತ್ರೆಗೆ ಲಿಖಿತ ದೂರು ಕೊಟ್ಟೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಚಿಕಿತ್ಸೆ ನಿರಾಕರಿಸುವುದು, ಅರ್ಧಕ್ಕೆ ನಿಲ್ಲಿಸುವುದು, ಚಿಕಿತ್ಸೆಯಲ್ಲಿ ಅನ್ಯಾಯವಾಗಿ ನಡೆಸಿಕೊಳ್ಳುವುದು ಮೂರೂ ತಾರತಮ್ಯವೇ. ಪ್ರತಿ ಸಂಸ್ಥೆಯಲ್ಲೂ ದೂರು ಕೇಳುವ ಅಧಿಕಾರಿ ಇರಬೇಕು ಎಂದೂ ಅದೇ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿದೆ. ಇದನ್ನೆಲ್ಲ ಬರೆದೆ. ಬಂದ ಉತ್ತರ ಎರಡೇ ಸಾಲು: ರೋಗಿ ಸ್ವಇಚ್ಛೆಯಿಂದ ಹೋಗಿದ್ದಾರೆ, ಸಹಿ ಮಾಡಿದ ಪ್ರತಿ ಲಗತ್ತಿಸಿದೆ. ಆ ಹಾಳೆ ಇರುವುದೇ ಇದಕ್ಕೆ. ನಾವು ಅನುಭವಿಸಿದ್ದೆಲ್ಲ ಅದರ ಹಿಂದೆ ಮುಚ್ಚಿಹೋಗುತ್ತದೆ.

ಹಾಗಾಗಿ ಹೊರಡಲೇಬೇಕು ಎಂಬ ಪರಿಸ್ಥಿತಿ ಬಂದರೆ ‘ನಮಗೆ ರೆಫರಲ್ ಲೆಟರ್ (ಬೇರೆ ಆಸ್ಪತ್ರೆಗೆ ಕಳಿಸುವ ಪತ್ರ) ಕೊಡಿ’ ಎಂದೇ ಕೇಳಿ. ಸಹಿ ಬೇಕೇ ಬೇಕು ಅಂದರೆ ಮೊದಲು ಕಾರಣವನ್ನು ನಿಮ್ಮ ಕೈಬರಹದಲ್ಲಿ ಬರೆದು, ತಾರೀಕು ಸಮಯ ಹಾಕಿ, ಆಮೇಲೆ ಸಹಿ ಮಾಡಿ, ಫೋಟೋ ತೆಗೆದುಕೊಳ್ಳಿ. ರೋಗಿಯನ್ನು ಒಬ್ಬಳನ್ನೇ ಬಿಟ್ಟು ಹೋಗಬೇಡಿ. ಸಾಧ್ಯವಾದರೆ ಇಬ್ಬರು ಇರಿ, ಒಬ್ಬರು ಔಷಧಿಗೆ ಓಡಾಡಿದರೆ ಇನ್ನೊಬ್ಬರು ಮಂಚದ ಹತ್ತಿರವೇ ಇರಲಿ. ವಾರ್ಡಿನ ಮಾತು ಅಡ್ಮಿಷನ್ ಕೌಂಟರಿನಲ್ಲೇ ತೀರ್ಮಾನ ಆಗಲಿ, ಕೇಸ್ ಶೀಟಿನಲ್ಲಿ ಬರೆಸಿ. ಕೇಸ್ ಶೀಟಿನ ಪ್ರತಿ ಕೇಳುವುದು ನಿಮ್ಮ ಹಕ್ಕು. ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯಕೀಯ ಮಂಡಳಿಯ 2002ರ ನಿಯಮಗಳಲ್ಲಿದೆ. ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಖಾಲಿ ಚಾರ್ಟಿನ ಪ್ರತಿ.

ಪ್ರತ್ಯೇಕ ವಾರ್ಡಿನ ವಿಷಯ ಹಲವರು ಕೇಳುತ್ತಾರೆ. ಟ್ರಾನ್ಸ್‌ಜೆಂಡರ್ ಕಾಯ್ದೆಯ 2020ರ ನಿಯಮಗಳಲ್ಲಿ, ಎರಡು ವರ್ಷದೊಳಗೆ ಆಸ್ಪತ್ರೆಗಳಲ್ಲಿ ಪ್ರತ್ಯೇಕ ವಾರ್ಡು, ಶೌಚಾಲಯ ಆಗಬೇಕು ಎಂದಿದೆ. ಆಗಲಿ, ಬೇಕಾದವರಿಗೆ ಇರಲಿ. ಆದರೆ ಅದು ಆಗುವ ತನಕ ಕಾರಿಡಾರಿನಲ್ಲಿ ಮಲಗಿ ಎನ್ನುವ ಹಾಗಿಲ್ಲ. ನಮ್ಮಕ್ಕನಂಥವರಿಗೆ ಬೇಕಾಗಿರುವುದು ಹೆಂಗಸರ ಜೊತೆಗೇ ಒಂದು ಮಂಚ. ಕಾಯಿಲೆ ಬಿದ್ದವರನ್ನೇ ಕೇಳದೆ ಯಾವ ವಾರ್ಡ್ ಮಾಡಿದರೂ ಅದು ಇನ್ನೊಂದು ಮೂಲೆ ಆಗುತ್ತದೆ ಅಷ್ಟೇ.

ಖಾಸಗಿ ಆಸ್ಪತ್ರೆಯ ಮೇಲಿನ ದೂರನ್ನು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಕೊಡಬೇಕು. ನಾವು ಅಲ್ಲಿಗೇ ಕೊಟ್ಟಿದ್ದೇವೆ. ರಾತ್ರಿ ಹೊತ್ತಿನಲ್ಲಿ ತೊಂದರೆಯಾದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100 ಇದೆ. ನಮ್ಮ ಜಿಲ್ಲೆಯಲ್ಲಿ ಯಾರ ಹತ್ತಿರವಾದರೂ ಇಂಥದೇ ಹಾಳೆಯಲ್ಲಿ ಸಹಿ ಹಾಕಿಸಿಕೊಂಡಿದ್ದರೆ, ಅದರ ಪ್ರತಿ ತೆಗೆದಿಟ್ಟುಕೊಂಡು ನೀವೂ ದೂರು ಕೊಡಿ. ಒಬ್ಬರದೇ ಆದರೆ ‘ಸ್ವಇಚ್ಛೆ’ ಎಂದು ತಳ್ಳಿಹಾಕುತ್ತಾರೆ, ನಾಲ್ಕಾರು ಜನರದು ಒಟ್ಟಿಗೆ ಬಂದರೆ ಹಾಗೆ ತಳ್ಳಿಹಾಕಲು ಆಗುವುದಿಲ್ಲ.