ಹೆಸರಿನ ಕಾಲೇಜಾ, ಇಷ್ಟದ ಬ್ರಾಂಚಾ?

ಎಂಜಿನಿಯರಿಂಗ್ ಸೀಟಿಗೆ ಬರೆದ ಸಿಇಟಿಯಲ್ಲಿ ಬೆಂಗಳೂರಿನ ಹೆಸರಾಂತ ಕಾಲೇಜಿನ ಸಿವಿಲ್ ಸಿಗುತ್ತದೆ. ಜಿಲ್ಲೆಯ ಕಾಲೇಜಿನಲ್ಲಾದರೆ ಇಷ್ಟದ ಕಂಪ್ಯೂಟರ್ ಸೈನ್ಸ್. ಯಾವುದು?

ಎರಡೂ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯಲ್ಲಿದ್ದರೆ ಪದವಿ ಕೊಡುವುದು 1998ರಲ್ಲಿ ಬೆಳಗಾವಿಯಲ್ಲಿ ಶುರುವಾದ ಅದೇ ವಿಶ್ವವಿದ್ಯಾಲಯ. ಸ್ವಾಯತ್ತ ಕಾಲೇಜು ಪಠ್ಯ, ಪರೀಕ್ಷೆ ತಾನೇ ನೋಡಿಕೊಳ್ಳುತ್ತದೆ. ಪದವಿ ಮಾತ್ರ ವಿಟಿಯುದೇ. ಹಾಗಾದರೆ ಹೆಸರಿನಿಂದ ಸಿಗುವುದೇನು? ಕ್ಯಾಂಪಸ್‌ಗೆ ಬರುವ ಕಂಪನಿಗಳು ಜಾಸ್ತಿ, ಜೊತೆಗೆ ಓದುವವರು ಚುರುಕು, ದಾರಿ ತೋರಿಸುವ ಸೀನಿಯರ್‌ಗಳೂ ಇರುತ್ತಾರೆ. ಮೊದಲ ಕೆಲಸಕ್ಕೆ ಇದು ಸಣ್ಣ ವಿಷಯವಲ್ಲ. ಆದರೆ ಕೆಲವು ಕಂಪನಿಗಳು ಬ್ರಾಂಚ್ ನೋಡಿಯೇ ಸಂದರ್ಶನಕ್ಕೆ ಕರೆಯುತ್ತವೆ. ಸಿವಿಲ್‌ನವರಿಗೆ ಯಾರು ಬಂದಿದ್ದರು ಅಂತ ಸೀನಿಯರ್‌ಗಳನ್ನೇ ಕೇಳಿ.

ಊರ ಹತ್ತಿರ ಖರ್ಚು ಕಡಿಮೆ.

ಕಂಪ್ಯೂಟರ್ ಮೇಲೆ ನಿಜವಾದ ಆಸೆ ಇದ್ದರೆ ಜಿಲ್ಲೆಯ ಸೀಟನ್ನೇ ಹಿಡಿಯಿರಿ. ಯಾವುದಾದರೂ ಸರಿ ಎನ್ನುವವರಿಗೆ ಹೆಸರಿನ ಕಾಲೇಜು ಒಳ್ಳೆಯದು. ಸಾಲ ಮಾಡಿ ಮ್ಯಾನೇಜ್‌ಮೆಂಟ್ ಸೀಟು ಮಾತ್ರ ಬೇಡವೇ ಬೇಡ.