ಜೈಪುರಕ್ಕೆ ಹೋಗುವವರೇ, ‘ಸರ್ಕಾರಿ ಎಂಪೋರಿಯಂ’ ಅಂದರೆ ಕಾರಿನಿಂದ ಇಳಿಯಲೇಬೇಡಿ

ಬರೆಯಲೋ ಬೇಡವೋ ಅಂತ ಮೂರು ವಾರ ಯೋಚಿಸಿದೆ. ನಾಚಿಕೆ ಆಗುತ್ತಿತ್ತು. ಓದಿದವರು, ನಾಲ್ಕು ಊರು ತಿರುಗಿದವರು, ನೀವೇ ಹೀಗೆ ಮೋಸ ಹೋದಿರಾ ಅಂತ ಕೇಳುತ್ತಾರಲ್ಲ ಅನ್ನೋ ಸಂಕಟ. ಆದರೆ ಮೊನ್ನೆ ನಮ್ಮ ಬೀದಿಯವರೇ ಎರಡು ಮನೆಯವರು ಜೈಪುರಕ್ಕೆ ಟಿಕೆಟ್ ಮಾಡಿಸಿದ್ದಾರೆ ಅಂತ ಗೊತ್ತಾಯಿತು. ಇನ್ನು ಸುಮ್ಮನಿರೋದು ತಪ್ಪು. 24,000 ರೂಪಾಯಿ ಕಳೆದುಕೊಂಡಿದ್ದೇನೆ. ಚೀಟಿ ಎತ್ತಿದ ದುಡ್ಡು ಅದು. ದುಡ್ಡಿಗಿಂತ ಜಾಸ್ತಿ ಉರಿಯುವ ವಿಷಯ ಇನ್ನೊಂದಿದೆ, ಅದನ್ನೂ ಹೇಳುತ್ತೇನೆ.

ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ಜೈಪುರಕ್ಕೆ ಹೊರಟಿದ್ದೇ ಅವರ ಆಸೆಗೆ. ಹವಾ ಮಹಲ್, ಕೋಟೆ, ಬಜಾರು ಎಲ್ಲ ನನಗೆ. ಅವರಿಗೆ ಬೇಕಿದ್ದದ್ದು ಜಂತರ್ ಮಂತರ್ ಒಂದೇ. ಸವಾಯಿ ಜೈಸಿಂಗ್ ಕಟ್ಟಿಸಿದ ಸಾಮ್ರಾಟ್ ಯಂತ್ರ ಅಲ್ಲಿದೆ. 27 ಮೀಟರ್ ಎತ್ತರದ ನೆರಳು ಗಡಿಯಾರ. ಅದರ ನೆರಳು ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್ ಸರಿಯುತ್ತದಂತೆ, ನಿಂತು ನೋಡಿದರೆ ಕಣ್ಣಿಗೇ ಕಾಣುತ್ತದಂತೆ. ಎಷ್ಟೋ ವರ್ಷ ಅದರ ಚಿತ್ರವನ್ನು ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಪಾಠ ಮಾಡಿದವರು ಅವರು. ‘ಬಿಸಿಲು ಇರುವಾಗಲೇ ಹೋಗಬೇಕು, ಮಧ್ಯಾಹ್ನದೊಳಗೆ’ ಅಂತ ಹಿಂದಿನ ರಾತ್ರಿಯಿಂದ ಹೇಳುತ್ತಲೇ ಇದ್ದರು.

ಹೋಟೆಲಿನವನೇ ಕಾರು ಗೊತ್ತು ಮಾಡಿಕೊಟ್ಟ. ಇಡೀ ದಿನಕ್ಕೆ 1,600 ರೂಪಾಯಿ. ಡ್ರೈವರ್ ಮಾತು ಸಕ್ಕರೆ. ನನ್ನನ್ನು ‘ದೀದಿ’ ಅಂತಲೇ ಕರೆಯುತ್ತಿದ್ದ. ಬೆಳಿಗ್ಗೆ ಅಮೇರ್ ಕೋಟೆಗೆ ಹೋದೆವು. ಅಲ್ಲಿ ಒಂದು ತೊಂದರೆಯೂ ಇಲ್ಲ. ಶೀಶ್ ಮಹಲಿನ ಗೋಡೆ ತುಂಬ ಕನ್ನಡಿ ಚೂರು, ಅದನ್ನು ನೋಡಿ ನಾನು ಎಲ್ಲ ಮರೆತಿದ್ದೆ. ಹನ್ನೊಂದೂವರೆಗೆ ಕೆಳಗಿಳಿದೆವು. ‘ಈಗ ಸೀದಾ ಜಂತರ್ ಮಂತರ್’ ಅಂದರು ಯಜಮಾನರು. ‘ಹಾಂ ಹಾಂ’ ಅಂದ. ಜಲ ಮಹಲ್ ಹತ್ತಿರ ಎರಡು ನಿಮಿಷ ನಿಲ್ಲಿಸಿದ. ಆಮೇಲೆ ಕಾರು ಒಂದು ದೊಡ್ಡ ಕಟ್ಟಡದ ಕಾಂಪೌಂಡಿನೊಳಗೆ ತಿರುಗಿತು.

‘ಸರ್ಕಾರಿ ಎಂಪೋರಿಯಂ ದೀದಿ. ಖರೀದ್ನಾ ಜರೂರಿ ನಹೀ, ಸಿರ್ಫ್ ದೇಖಿಯೇ. ಹತ್ತೇ ನಿಮಿಷ.’ ಕೊಳ್ಳಲೇಬೇಕು ಅಂತಿಲ್ಲ, ಬರೀ ನೋಡಿ ಅಂತ.

ಸರ್ಕಾರಿ. ಆ ಒಂದು ಮಾತಿಗೆ ನಾನು ಬಿದ್ದೆ. ನಮ್ಮಲ್ಲಿ ಕಾವೇರಿ ಎಂಪೋರಿಯಂಗೆ ಹೋದರೆ ಗಂಧದ ಕೆತ್ತನೆ ಬೆಲೆ ಜಾಸ್ತಿ ಇರಬಹುದು, ಮೋಸ ಇರುವುದಿಲ್ಲ ಅನ್ನೋ ನಂಬಿಕೆ ಇದೆ ಅಲ್ವಾ? ಅದೇ ನಂಬಿಕೆಯಲ್ಲಿ ಇಳಿದೆ. ಗೇಟಿನಲ್ಲಿ ಒಬ್ಬ ಕಾರಿನ ನಂಬರ್ ನೋಡಿ ಸಣ್ಣ ಚೀಟಿಯಲ್ಲಿ ಬರೆದುಕೊಂಡ. ನಮ್ಮಿಬ್ಬರ ಕಡೆ ಬೆರಳು ತೋರಿಸಿ ‘ದೋ’ ಅಂದ. ಚೀಟಿ ಹರಿದು ಡ್ರೈವರ್ ಕೈಗೆ ಕೊಟ್ಟ. ಪಾರ್ಕಿಂಗ್ ಚೀಟಿ ಇರಬೇಕು ಅಂದುಕೊಂಡೆ. ನಮ್ಮನ್ನು ಅಲ್ಲಿಗೆ ತಂದದ್ದಕ್ಕೆ ಅವನ ಕಮಿಷನ್ ಲೆಕ್ಕ ಅದು. ನನ್ನ ಕಣ್ಣೆದುರೇ ಬರೆದರು, ನನಗೆ ಹೊಳೆಯಲಿಲ್ಲ.

ಒಳಗೆ ಮೊದಲು ಬ್ಲಾಕ್ ಪ್ರಿಂಟಿಂಗ್ ತೋರಿಸಿದರು. ಒಂದೊಂದು ಬಣ್ಣಕ್ಕೆ ಒಂದೊಂದು ಮರದ ಅಚ್ಚು, ಒತ್ತಿ ಒತ್ತಿ ಕೊನೆಗೆ ಆನೆ ಮೂಡಿತು. ಆ ಬಟ್ಟೆ ಚೂರನ್ನು ಸುಮ್ನೆ ಕೈಗಿಟ್ಟರು, ದುಡ್ಡು ತಗೊಳ್ಳಲಿಲ್ಲ. ಆಮೇಲೆ ಮಹಡಿ ಮೇಲೆ ಕೂರಿಸಿ ಚಹಾ. ಚಹಾ ಕುಡಿದ ಮೇಲೆ ಎದ್ದು ಬರೋಕೆ ನಮ್ಮಂಥವರಿಗೆ ಸಂಕೋಚ. ಅದು ಅವರಿಗೆ ಚೆನ್ನಾಗಿ ಗೊತ್ತು. ಸೀರೆ, ರಜಾಯಿ ಎಲ್ಲ ಬೇಡ ಅಂದೆ. ಆಗ ಪಕ್ಕದ ರೂಮಿನ ಬಾಗಿಲು ತೆಗೆದರು.

ಮಗಳ ಮದುವೆ ಗೊತ್ತಾಗಿದೆ ಅಂತ ನಾನೇ ಬಾಯಿ ಬಿಟ್ಟಿದ್ದೆ. ಆ ರೂಮಿನಲ್ಲಿದ್ದವನು ಬೆಳ್ಳಿ ಕಟ್ಟಿನ ಪಚ್ಚೆ ಪದಕ ಒಂದನ್ನು ಕಪ್ಪು ಮಖ್ಮಲ್ ಮೇಲೆ ಇಟ್ಟ. ಕೆಳಗಿಂದ ಟಾರ್ಚ್ ಬಿಟ್ಟ. ಹಸಿರು ಬೆಳಕು ಅಂಗೈ ಮೇಲೆ ಬಿತ್ತು. ಆ ಕಲ್ಲಿನಿಂದಲೇ ಗಾಜಿನ ಮೇಲೆ ಗೀರಿದ. ‘ನೋಡಿ, ಅಸಲಿ ಪನ್ನಾ.’ ಪನ್ನಾ ಅಂದರೆ ಪಚ್ಚೆ. 52,000 ಅಂದವನು ‘ನಿಮ್ಮ ಮಗಳು ನನ್ನ ತಂಗಿ ಇದ್ದ ಹಾಗೆ’ ಅಂತ 24,000ಕ್ಕೆ ಇಳಿದ. ಸರ್ಟಿಫಿಕೇಟ್ ಕೊಟ್ಟ. ಬಿಲ್ ಕೊಟ್ಟ. ನಾನು ಫೋನ್‌ನಲ್ಲಿ ದುಡ್ಡು ಕಳಿಸಿದೆ. ಅಂಗಡಿ ಹೆಸರು ಬರಲಿಲ್ಲ, ಯಾರದೋ ಗಂಡಸಿನ ಹೆಸರು ಬಂತು. ಅದನ್ನೂ ನೋಡಿದೆ. ನೋಡಿಯೂ ಒತ್ತಿದೆ.

ಹತ್ತು ನಿಮಿಷ ಅಂದದ್ದು ಎರಡೂವರೆ ಗಂಟೆ ಆಗಿತ್ತು. ಊಟಕ್ಕೂ ಡ್ರೈವರ್ ಹೇಳಿದ ಹೋಟೆಲಿಗೇ ಹೋಗಬೇಕು. ಹವಾ ಮಹಲಿನ ಮುಂದೆ ಗಾಡಿ ನಿಲ್ಲಿಸೋಕೆ ಪೊಲೀಸರು ಬಿಡಲ್ಲ ಅಂದ, ಕಿಟಕಿಯಿಂದಲೇ ಫೋಟೊ. 953 ಕಿಟಕಿ ಇರುವ ಆ ಕಟ್ಟಡವನ್ನು ಕಾರಿನ ಒಂದು ಕಿಟಕಿಯಿಂದ ನೋಡಿದೆವು. ಒಳಗೆ ಹೋಗುವ ಬಾಗಿಲು ಹಿಂಭಾಗದಲ್ಲಿದೆ ಅಂತಲೂ ಅವನು ಹೇಳಲಿಲ್ಲ. ನಡುವೆ ಇನ್ನೊಂದು ಕಾರ್ಪೆಟ್ ಅಂಗಡಿ. ಜಂತರ್ ಮಂತರ್ ಅಂದರೆ ‘ಅಲ್ಲಿ ಏನಿದೆ ಸಾಬ್, ಬರೀ ಕಲ್ಲು’ ಅಂದ. ನಾವು ಗೇಟಿಗೆ ಹೋಗುವಾಗ ಟಿಕೆಟ್ ಕೊಡೋದು ನಿಲ್ಲಿಸಿದ್ದರು. ಬಿಸಿಲೂ ಇಳಿದಿತ್ತು. ಯಜಮಾನರು ಗೇಟಿನ ಹೊರಗೆ ನಿಂತು ಸಾಮ್ರಾಟ್ ಯಂತ್ರದ ತುದಿಯನ್ನೇ ನೋಡುತ್ತಿದ್ದರು. ‘ಇರಲಿ ಬಿಡು’ ಅಂದರು. ಮರುದಿನ ಬೆಳಿಗ್ಗೆ ಆರಕ್ಕೆ ನಮ್ಮ ರೈಲು.

ಊರಿಗೆ ಬಂದ ಮೇಲೆ ಕೊಂಡಿ ಸಡಿಲ ಆಗಿದೆ ಅಂತ ಪದಕವನ್ನು ನಮ್ಮ ಆಚಾರ್ರ ಅಂಗಡಿಗೆ ಒಯ್ದೆ. ಅವರು ಕಣ್ಣಿಗೆ ಭೂತಗನ್ನಡಿ ಇಟ್ಟು ನೋಡಿದರು. ಮಾತಾಡಲಿಲ್ಲ. ಮತ್ತೆ ನೋಡಿದರು. ‘ಅಕ್ಕಾ, ಇದಕ್ಕೆ ಎಷ್ಟು ಕೊಟ್ಟಿರಿ?’ ಅಂದರು. ನನಗೆ ಆಗಲೇ ಗೊತ್ತಾಯಿತು. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳು ಕೂತಿದ್ದರು, ಅವರ ಮುಂದೆ ನಾನು ಬೆಲೆ ಹೇಳಲಿಲ್ಲ. ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಕಲ್ಲಿನೊಳಗೆ ಕೂದಲೆಳೆಯಂಥ ಬಿರುಕುಗಳು. ಹಸಿರು ಆ ಬಿರುಕುಗಳಲ್ಲಿ ಮಾತ್ರ ನಿಂತಿತ್ತು, ನಡುವಿನದೆಲ್ಲ ಬಿಳಿ. ಸ್ಫಟಿಕವನ್ನು ಕಾಯಿಸಿ ಬಿರುಕು ಬಿಡಿಸಿ ಬಣ್ಣ ಕುಡಿಸುತ್ತಾರಂತೆ. ಸ್ಫಟಿಕವೂ ಗಾಜನ್ನು ಗೀರುತ್ತದೆ, ಆ ಪರೀಕ್ಷೆಗೆ ಅರ್ಥವೇ ಇಲ್ಲ ಅಂದರು. ಕಟ್ಟೂ ಬೆಳ್ಳಿಯಲ್ಲ, ಮೇಲೆ ಬೆಳ್ಳಿ ನೀರು ಅಷ್ಟೇ.

ಅಂಗಡಿಗೆ ಫೋನ್ ಮಾಡಿದೆ. ಅವರ ಉತ್ತರ ಇದ್ದ ಹಾಗೇ ಹೇಳುತ್ತೇನೆ. ಮೊದಲ ಸಲ: ‘ನಿಮ್ಮ ಊರಿನವರಿಗೆ ಪನ್ನಾ ಗೊತ್ತಿಲ್ಲ.’ ಎರಡನೇ ಸಲ: ‘ಮಾಲು ತಗೊಂಡು ಬನ್ನಿ, ನೋಡೋಣ.’ ಪದಕ ಹಿಡಿದುಕೊಂಡು ಕರ್ನಾಟಕದಿಂದ ಮತ್ತೆ ಜೈಪುರಕ್ಕೆ ಹೋಗಬೇಕಂತೆ! ಮೂರನೇ ಸಲ ಜೋರು ಮಾಡಿದೆ. ‘ಮೇಡಂ, ಬಿಲ್ ತೆಗೆದು ಓದಿ. ಪನ್ನಾ ಅಂತ ಎಲ್ಲಿ ಬರೆದಿದೆ?’ ಅಂದ. ತೆಗೆದು ಓದಿದೆ. ‘ಗ್ರೀನ್ ಸ್ಟೋನ್ ಪೆಂಡೆಂಟ್’ ಅಂತಿತ್ತು. ಬೆಳ್ಳಿ ಅಂತಲೂ ಇರಲಿಲ್ಲ. ಜಿಎಸ್‌ಟಿ ನಂಬರೂ ಇರಲಿಲ್ಲ. ಸರ್ಟಿಫಿಕೇಟ್ ಕೊಟ್ಟದ್ದು ಯಾವ ಲ್ಯಾಬೂ ಅಲ್ಲ, ಅದೇ ಅಂಗಡಿ. ಅವತ್ತು ನನಗೆ ಆದ ಅವಮಾನ ಯಾರಿಗೂ ಬೇಡ. ಎಲ್ಲ ಮೊದಲೇ ಲೆಕ್ಕ ಹಾಕಿ ಬರೆದ ಬಿಲ್ ಅದು. ಡ್ರೈವರ್‌ಗೆ ಮೆಸೇಜ್ ಹಾಕಿದೆ. ‘ನಾನು ಬರೀ ತೋರಿಸಿದೆ ದೀದಿ, ಕೊಂಡುಕೊಳ್ಳಿ ಅಂತ ಹೇಳಿದ್ನಾ?’ ಅಂತ ಬಂತು. ಆಮೇಲೆ ಬ್ಲಾಕ್ ಮಾಡಿದ.

ಜೈಪುರದ ವ್ಯಾಪಾರಿಗಳೆಲ್ಲ ಕಳ್ಳರು ಅಂತ ನಾನು ಹೇಳುತ್ತಿಲ್ಲ. ಪಚ್ಚೆ ಕಡೆಯುವ ಕೆಲಸದಲ್ಲಿ ಆ ಊರಿಗೆ ಲೋಕದಲ್ಲೇ ಹೆಸರಿದೆ. ಆ ಹೆಸರನ್ನೇ ಇವರು ಬಂಡವಾಳ ಮಾಡಿಕೊಂಡಿದ್ದಾರೆ, ಅದೇ ಸಿಟ್ಟು.

ಹೋಗುವವರು ಕಾರು ಹತ್ತುವ ಮೊದಲೇ ಹೇಳಿ: ಒಂದು ಅಂಗಡಿಗೂ ನಿಲ್ಲಿಸಬಾರದು, ನಿಲ್ಲಿಸಿದರೆ ಬಾಡಿಗೆ ಮುರಿಯುತ್ತೇವೆ. ಒಪ್ಪದಿದ್ದರೆ ಬೇರೆ ಕಾರು. ಜಂತರ್ ಮಂತರ್, ಸಿಟಿ ಪ್ಯಾಲೇಸ್, ಹವಾ ಮಹಲ್ ಮೂರೂ ಅಕ್ಕಪಕ್ಕ ಇವೆ, ನಡೆದೇ ನೋಡಬಹುದು, ಕಾರೇ ಬೇಡ. ರಾಜಸ್ಥಾನ ಸರ್ಕಾರದ ಕರಕುಶಲ ಮಳಿಗೆಯ ಹೆಸರು ರಾಜಸ್ಥಲಿ, ಬೇರೆ ಯಾರು ಸರ್ಕಾರಿ ಅಂದರೂ ನಂಬಬೇಡಿ. ಕಲ್ಲು ಮಾತ್ರ ಕೊಳ್ಳಲೇಬೇಡಿ. ಕೊಳ್ಳಲೇಬೇಕು ಅಂದರೆ ಬಿಲ್ಲಿನಲ್ಲಿ ಕಲ್ಲಿನ ಹೆಸರು, ತೂಕ ಬರೆಸಿ, ಅಲ್ಲೇ ನಿಂತು ಓದಿ. ಜೈಪುರದಲ್ಲೇ ರತ್ನ ಪರೀಕ್ಷೆಯ ಲ್ಯಾಬ್ ಇದೆ, ದುಡ್ಡು ಕೊಡುವ ಮೊದಲು ಅಲ್ಲಿಗೆ ಹೋಗೋಣ ಅನ್ನಿ, ಅಂಗಡಿಯವನ ಮುಖ ನೋಡಿ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಬಿಲ್, ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್, ಡ್ರೈವರ್ ಮೆಸೇಜ್ ಎಲ್ಲ ಇಟ್ಟುಕೊಂಡಿದ್ದೇನೆ. ಇದೇ ಥರ ‘ಗ್ರೀನ್ ಸ್ಟೋನ್’ ಬಿಲ್ ನಿಮ್ಮ ಮನೆಯಲ್ಲೂ ಇದ್ದರೆ ದಯವಿಟ್ಟು ಹೇಳಿ, ನಾಚಿಕೆ ಪಡಬೇಡಿ, ಸೇರಿ ದೂರು ಕೊಡೋಣ.